ಮೊದಲು ನನ್ನ ಕಣ್ಣು, ಆಮೇಲೆ ಅದರ ಬಣ್ಣ: ಪ್ರಾಸ್ಟೇಟ್ ಎಂಆರ್‌ಐ ಓದುವ ಎಐ ಜೊತೆ ಮೂರು ವರ್ಷ

ನಾನು ರೇಡಿಯಾಲಜಿಸ್ಟ್. ದಿನದ ಬಹುಪಾಲು ಎಂಆರ್‌ಐ ನೋಡುವುದರಲ್ಲೇ ಹೋಗುತ್ತದೆ, ಅದರಲ್ಲೂ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಸ್ಕ್ಯಾನ್‌ಗಳು ಜಾಸ್ತಿ. ಅವನ್ನು ಓದಲು ನೆರವಾಗುವ ಎಐ ಸಾಫ್ಟ್‌ವೇರ್ ಒಂದನ್ನು ಮೂರು ವರ್ಷದಿಂದ ಬಳಸುತ್ತಿದ್ದೇನೆ. ತರಿಸಿಕೊಳ್ಳುವ ಯೋಚನೆಯಲ್ಲಿರುವವರು "ನಿಜಕ್ಕೂ ಉಪಯೋಗ ಇದೆಯಾ?" ಎಂದು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಡೆಮೊದಲ್ಲಿ ಕಾಣದೆ, ದಿನಾ ಬಳಸಿದ ಮೇಲಷ್ಟೇ ಗೊತ್ತಾದ ಸಂಗತಿಗಳನ್ನು ಹೇಳುತ್ತೇನೆ.

ಅದು ಮಾಡುವ ಕೆಲಸ ಇಷ್ಟು. ಸ್ಕ್ಯಾನ್ ಮುಗಿದ ಮೇಲೆ ಟಿ2 (ಗ್ರಂಥಿಯ ರಚನೆ ತೋರಿಸುವಂಥದ್ದು) ಮತ್ತು ಡಿಫ್ಯೂಷನ್ (ಅಂಗಾಂಶದೊಳಗೆ ನೀರಿನ ಚಲನೆ ತೋರಿಸುವಂಥದ್ದು) ಎಂಬ ಎರಡು ಬಗೆಯ ಎಂಆರ್‌ಐ ಚಿತ್ರಗಳನ್ನು ತೆಗೆದುಕೊಳ್ಳುತ್ತದೆ. ಗ್ರಂಥಿಯ ಸುತ್ತ ಗೆರೆ ಎಳೆದು ಗಾತ್ರ ಹೇಳುತ್ತದೆ. ಕ್ಯಾನ್ಸರ್ ಇರಬಹುದೆಂದು ಅನುಮಾನ ಬಂದ ಜಾಗಕ್ಕೆ ಹಳದಿಯಿಂದ ಕೆಂಪಿನವರೆಗೆ ಬಣ್ಣ ಹಚ್ಚಿ, ನಾವು ಕೊಡುವ ಪೈರಾಡ್ಸ್ ಅಂಕದ ಹಾಗೆಯೇ 1ರಿಂದ 5ರವರೆಗೆ ಒಂದು ಅಂಕ ಕೊಡುತ್ತದೆ (ಅಂಕ ಹೆಚ್ಚಿದಷ್ಟೂ ಅನುಮಾನ ಹೆಚ್ಚು). ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ಮಾಡುವ ಪರೀಕ್ಷೆ) ಫಲಿತಾಂಶ ಗೊತ್ತಿರುವ ಸಾವಿರಾರು ಹಳೆಯ ಸ್ಕ್ಯಾನ್‌ಗಳನ್ನು ತೋರಿಸಿ ಅದನ್ನು ಕಲಿಸಿರುತ್ತಾರೆ.

ಮೊದಲ ಕೆಲವು ತಿಂಗಳು ನಾನು ಅದನ್ನು ತಪ್ಪಾಗಿ ಬಳಸಿದೆ. ಕೇಸ್ ತೆರೆದ ಕೂಡಲೇ ಬಣ್ಣದ ಪದರ ಎದುರಿಗೆ ಬರುತ್ತಿತ್ತು, ನಾನು ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಕೆಂಪು ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಎಲ್ಲೂ ಬಣ್ಣ ಇಲ್ಲದಿದ್ದರೆ ಮನಸ್ಸು ಆಗಲೇ "ಏನಿಲ್ಲ" ಎಂದು ತೀರ್ಮಾನಿಸಿ, ಉಳಿದದ್ದನ್ನು ಸುಮ್ನೆ ಸವರಿಕೊಂಡು ಹೋಗುತ್ತದೆ. ಒಂದು ದಿನ ಹಿಂದಿನ ವಾರದ ನನ್ನದೇ ವರದಿಯನ್ನು ಮತ್ತೆ ತೆರೆದು ನೋಡಿದೆ. ಬಲಗಡೆ ತುದಿಯಲ್ಲಿ ಚಿಕ್ಕದೊಂದು ಕಪ್ಪು ಚುಕ್ಕೆ ಇತ್ತು, ಡಿಫ್ಯೂಷನ್‌ನಿಂದ ಲೆಕ್ಕ ಹಾಕಿ ಬರುವ ಎಡಿಸಿ ಚಿತ್ರದಲ್ಲೂ ಕಾಣುತ್ತಿತ್ತು. ಎಐ ಅದನ್ನು ಬಿಟ್ಟಿತ್ತು, ಅದರ ಜೊತೆ ನಾನೂ ಬಿಟ್ಟಿದ್ದೆ. ತಿದ್ದುಪಡಿ ಬರೆದು ಯೂರಾಲಜಿಸ್ಟ್‌ಗೆ ಫೋನ್ ಮಾಡಿದೆ. ಅವತ್ತಿನಿಂದ ಕ್ರಮ ಬದಲಾಯಿತು. ಬಣ್ಣ ಆಫ್ ಮಾಡಿ ಇಡೀ ಸ್ಕ್ಯಾನ್ ನಾನೇ ಓದುತ್ತೇನೆ, ನನ್ನ ಅಂಕ ಬರೆಯುತ್ತೇನೆ, ಆಮೇಲೆ ಬಣ್ಣ ಆನ್ ಮಾಡುತ್ತೇನೆ. ಈ ಸಾಫ್ಟ್‌ವೇರ್ ನನಗೆ ನಿಜವಾಗಿ ಉಪಯೋಗಕ್ಕೆ ಬರಲು ಶುರುವಾಗಿದ್ದು ಅಲ್ಲಿಂದ.

ಹಾಗೆ ಓದಿದ ಒಂದು ಕೇಸ್ ಇನ್ನೂ ಕಣ್ಣ ಮುಂದಿದೆ. ಪಿಎಸ್‌ಎ (ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ರಕ್ತಪರೀಕ್ಷೆ) ಏರುತ್ತಲೇ ಇದ್ದ ವ್ಯಕ್ತಿ. ಗುದದ್ವಾರದ ಮೂಲಕ ಎರಡು ಸಲ ಬಯಾಪ್ಸಿ ಆಗಿತ್ತು, ಎರಡರಲ್ಲೂ ಏನೂ ಸಿಕ್ಕಿರಲಿಲ್ಲ. ವಯಸ್ಸಿನ ಜೊತೆ ಬರುವ ಗಂಟುಗಳಿಂದ ಗ್ರಂಥಿ ತುಂಬಿಕೊಂಡಿತ್ತು. ನಾನು ನಿಧಾನವಾಗಿಯೇ ಓದಿ 2 ಎಂದು ಬರೆದೆ. ಬಣ್ಣ ಆನ್ ಮಾಡಿದರೆ ಗ್ರಂಥಿಯ ಮುಂಭಾಗದಲ್ಲಿ ಅಗಲವಾದ ಕೆಂಪು ಪಟ್ಟಿ. ಮತ್ತೆ ಟಿ2 ಚಿತ್ರಕ್ಕೆ ಹೋದೆ. ಗಂಟಿಗೆ ಇರುವಂಥ ಸ್ಪಷ್ಟ ಅಂಚು ಅಲ್ಲಿರಲಿಲ್ಲ. ಇದ್ದಿಲಿನ ಗೆರೆಯನ್ನು ಬೆರಳಿನಿಂದ ಉಜ್ಜಿದರೆ ಹೇಗೆ ಹರಡಿಕೊಳ್ಳುತ್ತದೋ ಹಾಗೆ ಮಸಿ ಹರಡಿತ್ತು. ಒಳವಲಯದ ಕ್ಯಾನ್ಸರ್‌ಗೆ ಇದು ಹೆಸರಾದ ಲಕ್ಷಣ, ನಾನೇ ಜೂನಿಯರ್‌ಗಳಿಗೆ ಪಾಠ ಮಾಡುವಂಥದ್ದು. ಅಂಕ 5ಕ್ಕೆ ಬದಲಾಯಿತು. ಆ ಜಾಗಕ್ಕೇ ಗುರಿಯಿಟ್ಟು ತೆಗೆದ ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಅಂಕ) 4+3 ಬಂತು, ಅಂದರೆ ಕಡೆಗಣಿಸುವಂಥ ಕ್ಯಾನ್ಸರ್ ಅಲ್ಲ. ಹಿಂದಿನಿಂದ ಹೋಗುವ ಸೂಜಿಗೆ ಮುಂಭಾಗ ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಎರಡು ಸಲವೂ ತಪ್ಪಿಹೋಗಿತ್ತು. ಆ ಒಂದು ಕೇಸ್‌ಗಾಗಿಯೇ ನಾನು ಈ ಸಾಫ್ಟ್‌ವೇರ್‌ಗೆ ಋಣಿ.

ಈಗ ತಪ್ಪುಗಳ ಮಾತು. ಕೆಲವು ತಪ್ಪುಗಳನ್ನು ಅದು ಪದೇ ಪದೇ ಮಾಡುತ್ತದೆ, ಎಲ್ಲೆಲ್ಲಿ ಎಂದು ಬಾಯಿಪಾಠ ಆಗಿದೆ. ಗ್ರಂಥಿಯ ಮೇಲ್ಭಾಗದಲ್ಲಿ, ವೀರ್ಯನಾಳಗಳ ಸುತ್ತ, ಎರಡೂ ಕಡೆ ಒಂದೇ ಸಮ ಕಪ್ಪಾಗಿ ಕಾಣುವ ಸಹಜ ಭಾಗವಿದೆ. ಅದಕ್ಕೆ ಆಗಾಗ ಹಳದಿ ಹಚ್ಚುತ್ತದೆ. ಗುದನಾಳದಲ್ಲಿ ಗ್ಯಾಸ್ ಇದ್ದರೆ, ಸೊಂಟದ ಕೀಲಿಗೆ ಲೋಹದ ಇಂಪ್ಲಾಂಟ್ ಹಾಕಿದ್ದರೆ ಡಿಫ್ಯೂಷನ್ ಚಿತ್ರ ಎಳೆದ ರಬ್ಬರ್‌ನಂತೆ ಸೊಟ್ಟಗಾಗುತ್ತದೆ. "ಇದು ಓದಲಾಗದ ಚಿತ್ರ" ಎಂದು ಹೇಳುವ ಬದಲು ಅದು ಅಂಕ ಕೊಟ್ಟೇ ಬಿಡುತ್ತದೆ. ಬಯಾಪ್ಸಿಯಾದ ಕೆಲವೇ ವಾರಗಳಲ್ಲಿ ಸ್ಕ್ಯಾನ್ ಮಾಡಿದರೆ ಒಳಗೆ ಉಳಿದ ರಕ್ತವೂ ಗಡ್ಡೆಯಂತೆ ಕಾಣಬಹುದು. ಟಿ1 ಎಂಬ ಇನ್ನೊಂದು ಬಗೆಯ ಚಿತ್ರ ನೋಡಿದರೆ ನಮಗೆ ಗೊತ್ತಾಗುತ್ತದೆ, ಆದರೆ ಈ ಸಾಫ್ಟ್‌ವೇರ್ ಟಿ1 ನೋಡುವುದೇ ಇಲ್ಲ.

ಗಾತ್ರ ಅಳೆಯುವುದರಲ್ಲಿ ಅದು ನಿಜಕ್ಕೂ ಚುರುಕು. ಮೂರು ದಿಕ್ಕಿನ ಅಳತೆ ತೆಗೆದು 0.52ರಿಂದ ಗುಣಿಸುವ ಕೆಲಸ ತಪ್ಪಿತು. ಆದರೆ ಗೆರೆಯನ್ನು ನೋಡದೆ ಸಂಖ್ಯೆಯನ್ನು ಮಾತ್ರ ವರದಿಗೆ ಹಾಕಬೇಡಿ. ಗ್ರಂಥಿಯ ನಡುಭಾಗ ಮೂತ್ರಕೋಶದೊಳಕ್ಕೆ ಚಾಚಿಕೊಂಡಿದ್ದರೆ ಗೆರೆ ಮೂತ್ರಕೋಶದ ಗೋಡೆಯನ್ನೂ ಸೇರಿಸಿಕೊಳ್ಳುತ್ತದೆ. ಪಿಎಸ್‌ಎ 6 ಇದೆ, ನಿಜವಾದ ಗಾತ್ರ 40 ಮಿಲಿಲೀಟರ್ ಎಂದುಕೊಳ್ಳಿ. ಪಿಎಸ್‌ಎಯನ್ನು ಗಾತ್ರದಿಂದ ಭಾಗಿಸಿದರೆ ಬರುವ ಪಿಎಸ್‌ಎ ಸಾಂದ್ರತೆ 0.15 ಆಗುತ್ತದೆ, ಬಯಾಪ್ಸಿ ಬೇಕೋ ಬೇಡವೋ ಎನ್ನುವಾಗ ಬಹಳಷ್ಟು ಡಾಕ್ಟರ್‌ಗಳು ಗಮನಿಸುವ ಗಡಿ ಅದು. ಸಾಫ್ಟ್‌ವೇರ್ 60 ಎಂದು ಹೇಳಿಬಿಟ್ಟರೆ ಸಾಂದ್ರತೆ 0.10ಕ್ಕೆ ಇಳಿಯುತ್ತದೆ. ಅಂಕ 3 ಬಂದಿರುವ, ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಕೇಸ್‌ಗಳಲ್ಲಿ ಇಷ್ಟರಿಂದಲೇ ನಿರ್ಧಾರ ಬದಲಾಗಬಹುದು.

ನನಗೆ ಅತಿ ಹೆಚ್ಚು ಬೇಸರ ತಂದದ್ದು ಎರಡನೇ ವರ್ಷ. ನಮ್ಮ ಎಂಆರ್‌ಐ ಯಂತ್ರಕ್ಕೆ ಅಪ್‌ಗ್ರೇಡ್ ಆಯಿತು, ಡಿಫ್ಯೂಷನ್ ಸೆಟ್ಟಿಂಗ್ ಸ್ವಲ್ಪ ಬದಲಾಯಿತು. ನಮ್ಮ ಕಣ್ಣಿಗೆ ಚಿತ್ರ ಮೊದಲಿಗಿಂತ ಚೆನ್ನಾಗಿಯೇ ಇತ್ತು. ಎಐ ಮಾತ್ರ ಎಲ್ಲೆಂದರಲ್ಲಿ ಕೆಂಪು ತೋರಿಸತೊಡಗಿತು. ಅದು ಕಲಿತದ್ದು ಬೇರೆ ಬಗೆಯ ಚಿತ್ರಗಳಲ್ಲಿ, ಅಲ್ವಾ? ಯಾವ ಎಚ್ಚರಿಕೆಯೂ ಬರಲಿಲ್ಲ, ಸ್ಕ್ರೀನ್ ಎಂದಿನಂತೆಯೇ ಇತ್ತು. ಸಪೋರ್ಟ್‌ನವರಿಗೆ ಮೇಲ್ ಮೇಲೆ ಮೇಲ್ ಹಾಕಿದೆವು, ಸರಿಯಾಗಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಬಣ್ಣದ ಪದರವನ್ನು ಪೂರ್ತಿ ಮುಚ್ಚಿಟ್ಟೆವು. ಮೊದಲು ನಾನೇ ಓದುವ ಅಭ್ಯಾಸ ಆಗಿರದಿದ್ದರೆ ಎಷ್ಟು ಜನರನ್ನು ಸುಮ್ಮನೆ ಬಯಾಪ್ಸಿಗೆ ಕಳಿಸುತ್ತಿದ್ದೆನೋ. ಆ ಯೋಚನೆ ಈಗಲೂ ಕಾಡುತ್ತದೆ.

"ನಿಮಗಿಂತ ಅದೇ ಚೆನ್ನಾಗಿ ಓದುತ್ತಂತೆ?" ಎಂದು ರೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಪೈ-ಕೈ ಎಂಬ ದೊಡ್ಡ ಅಧ್ಯಯನ ಬಂತು. ಹತ್ತು ಸಾವಿರಕ್ಕೂ ಹೆಚ್ಚು ಸ್ಕ್ಯಾನ್‌ಗಳನ್ನು ಬಳಸಿದ್ದರು. ಅದರಲ್ಲಿ 20 ದೇಶಗಳ 62 ರೇಡಿಯಾಲಜಿಸ್ಟ್‌ಗಳೂ ಎಐ ಕೂಡ ಅದೇ 400 ಸ್ಕ್ಯಾನ್‌ಗಳನ್ನು ಓದಿದರು. ಕ್ಯಾನ್ಸರ್ ಇರುವವರನ್ನೂ ಇಲ್ಲದವರನ್ನೂ ಬೇರ್ಪಡಿಸುವ ಅಳತೆಯಲ್ಲಿ (1 ಬಂದರೆ ಒಂದೂ ತಪ್ಪಿಲ್ಲ ಎಂದರ್ಥ) ಎಐಗೆ 0.91, ಡಾಕ್ಟರ್‌ಗಳಿಗೆ ಸರಾಸರಿ 0.86 ಬಂತು. ಪೇಪರ್‌ಗಳು ಎತ್ತಿ ಹಾಡುವುದು ಇದನ್ನೇ. ಅದೇ ಅಧ್ಯಯನ ಇನ್ನೊಂದು ಹೋಲಿಕೆಯನ್ನೂ ಮಾಡಿದೆ. ರೋಗಿಯ ಹಿನ್ನೆಲೆ ತಿಳಿದು, ಜೊತೆಯ ಡಾಕ್ಟರ್‌ಗಳ ಮಾತು ಕೇಳಿ ಬರೆದ ದಿನನಿತ್ಯದ ವರದಿಗಳ ಎದುರು ಎಐ ಮುಂದೆ ಹೋಗಲಿಲ್ಲ. ಸರಿಸಮ ಎಂದೂ ಅಲ್ಲಿ ಸಾಬೀತಾಗಲಿಲ್ಲ. ನನ್ನ ಟೇಬಲ್ ಮೇಲೆ ನಾನು ಕಾಣುವುದೂ ಇದನ್ನೇ. ಹಿಂದಿನ ಸ್ಕ್ಯಾನ್, ಪಿಎಸ್‌ಎ ಏರಿದ ವೇಗ, ಹೋದ ತಿಂಗಳು ಬಂದಿದ್ದ ಉರಿಯೂತ, ಇದ್ಯಾವುದೂ ನಮ್ಮ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ.

ಸಮಯ ಉಳಿಯುತ್ತದೆ ಎಂದು ಮಾರಾಟದವರು ಹೇಳುತ್ತಾರೆ. ನನಗೆ ಅಷ್ಟೇನೂ ಉಳಿದಿಲ್ಲ. ಎರಡು ಸಲ ನೋಡುವವರಿಗೆ ಉಳಿಯುವುದೂ ಇಲ್ಲ. ಹೊಸದಾಗಿ ಸೇರಿದ ಜೂನಿಯರ್‌ಗಳಿಗೆ ಮಾತ್ರ ಇದರಿಂದ ತುಂಬಾ ಲಾಭವಾಗಿದೆ. ತಮ್ಮ ಅಂಕ ಬರೆದು, ಅದರ ಅಂಕದ ಜೊತೆ ಹೋಲಿಸಿ, ಎಲ್ಲಿ ಬೇರೆಯಾಯಿತು ಎಂದು ನನ್ನ ಬಳಿ ವಾದಕ್ಕೆ ಬರುತ್ತಾರೆ. ಆ ಚರ್ಚೆಗಳಲ್ಲಿ ನಾನೂ ಕಲಿತಿದ್ದೇನೆ.

ಲೈಸೆನ್ಸ್ ಈ ವರ್ಷವೂ ಮುಂದುವರಿಸಿದ್ದೇವೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ಆ ಎರಡು ತಿಂಗಳಿಗಾಗಿ. ನೀವು ತರಿಸುವವರಿದ್ದರೆ ಕಂಪನಿಯವರು ತರುವ ಕೇಸ್‌ಗಳನ್ನು ನೋಡಿ ಒಪ್ಪಬೇಡಿ. ನಿಮ್ಮದೇ ಯಂತ್ರದಲ್ಲಿ ತೆಗೆದ, ಬಯಾಪ್ಸಿ ಫಲಿತಾಂಶ ಕೈಯಲ್ಲಿರುವ ಹಳೆಯ ಸ್ಕ್ಯಾನ್‌ಗಳನ್ನು ಹೆಸರು ತೆಗೆದು ಅದರ ಮುಂದೆ ಇಡಿ. ಅದರಲ್ಲಿ ಕ್ಯಾನ್ಸರ್ ಇಲ್ಲದವರ ಸ್ಕ್ಯಾನ್‌ಗಳೂ, ಇಂಪ್ಲಾಂಟ್ ಇರುವವರದ್ದೂ, ಚಿತ್ರ ಸರಿ ಬಾರದವುಗಳೂ ಇರಲಿ. ಯಂತ್ರ ಅಪ್‌ಗ್ರೇಡ್ ಆದಾಗಲೆಲ್ಲ ಅದೇ ಗುಂಪನ್ನು ಮತ್ತೊಮ್ಮೆ ಓಡಿಸಿ. ನಮ್ಮಲ್ಲಿ ಈಗ ಅಂಥ ಒಂದು ಫೋಲ್ಡರ್ ಇದೆ. ಆ ಮುಂಭಾಗದ ಗಡ್ಡೆಯ ಸ್ಕ್ಯಾನ್ ಅದರಲ್ಲಿ ಮೊದಲನೆಯದು.