ಥಿಯೊಡೋರಾ ಮುಖ ಮೂರು ರೀತೀಲಿ ಮಾಡಿ ನೋಡಿದ್ದು: ಪೇಪರ್, ತಾತ್ಕಾಲಿಕ ಸುಣ್ಣ, ಹಸಿ ಗಾರೆ

ಇಟಲಿಯ ರವೆನ್ನಾದಲ್ಲಿ ಸಾನ್ ವಿಟಾಲೆ ಚರ್ಚಿದೆಯಲ್ಲ, 547ರಲ್ಲಿ ಪ್ರತಿಷ್ಠೆ ಆಗಿದ್ದು, ಅದರ ಗೋಡೆ ಮೇಲೆ ಬೈಜಾಂಟೈನ್ ಸಾಮ್ರಾಜ್ಯದ ಥಿಯೊಡೋರಾ ರಾಣಿ ಪರಿವಾರದ ಜೊತೆ ನಿಂತಿರೋ ಮೊಸಾಯಿಕ್, ಅಂದ್ರೆ ಬಣ್ಣದ ಗಾಜು, ಕಲ್ಲಿನ ಚೂರು ಜೋಡಿಸಿ ಮಾಡಿದ ಚಿತ್ರ, ಇದೆ. ರಾಣಿ ತೀರ್ಕೊಂಡಿದ್ದು ಮರುವರ್ಷವೇ, 548ರಲ್ಲಿ. ಅದರಲ್ಲಿ ಮುಖ, ಕಿರೀಟ, ತಲೆ ಹಿಂದಿನ ಚಿನ್ನದ ಪ್ರಭಾವಳಿ, ಇಷ್ಟನ್ನ ಮೂರು ಪದ್ಧತೀಲಿ ಮಾಡಿ ನೋಡಿದೀನಿ, ಒಂದೇ ಡ್ರಾಯಿಂಗ್, ಒಂದೇ ಸೈಜು, ಒಂದೇ ಗಾಜು. ಚಿನ್ನ ಇರೋ ಕೆಲಸ ಆದ್ರೆ ಹಸಿ ಗಾರೇನೇ, ಬೇರೆ ಮಾತೇ ಇಲ್ಲ.

ಪೇಪರ್ ಮೇಲೆ ಮಾಡೋದು ಎಲ್ಲಕ್ಕಿಂತ ಸುಲಭ. ಡ್ರಾಯಿಂಗನ್ನ ಕನ್ನಡಿಯಲ್ಲಿ ಕಾಣೋ ಹಾಗೆ ತಿರುಗಿಸಿ ದಪ್ಪ ಪೇಪರ್ ಮೇಲೆ ಹಾಕ್ಕೊಂಡು, ಗಾಜಿನ ತುಂಡುಗಳನ್ನ ಮುಖ ಕೆಳಗಾಗಿ ನೀರಲ್ಲಿ ಕರಗೋ ಅಂಟಲ್ಲಿ ಅಂಟಿಸಿ, ಇಡೀ ಹಾಳೇನ ಗಾರೆಗೆ ಒತ್ತಿ ಆಮೇಲೆ ಪೇಪರ್ ನೆನೆಸಿ ಕಿತ್ತುಬಿಡೋದು. 19ನೇ ಶತಮಾನದಲ್ಲಿ ವೆನಿಸ್ ಕಡೆಯೋರು ದೂರದೂರದ ಕಟ್ಟಡಗಳಿಗೆ ವರ್ಕ್‌ಶಾಪಲ್ಲೇ ಮೊಸಾಯಿಕ್ ರೆಡಿ ಮಾಡಿ ಕಳಿಸಿದ್ದು ಹೀಗೇ. ಆದ್ರೆ ಮೇಲ್ಮೈ ಪೂರ್ತಿ ಸಪಾಟು ಬರುತ್ತೆ, ಬಾತ್ರೂಮ್ ಟೈಲ್ಸ್ ಥರ. ಸ್ಮಾಲ್ಟಿ, ಅಂದ್ರೆ ಮೊಸಾಯಿಕ್‌ಗೆ ಅಂತಲೇ ಮಾಡೋ ಬಣ್ಣದ ಗಾಜಿಗೆ ಒಳಗೂ ಹೊರಗೂ ಒಂದೇ ಬಣ್ಣ, ಸೋ ತೊಂದರೆ ಇಲ್ಲ, ಚಿನ್ನದ ತುಂಡು ಹಾಗಲ್ಲ, ಗಾಜಿನ ಮೇಲೆ ಚಿನ್ನದ ರೇಕು, ಅದರ ಮೇಲೆ ತೆಳ್ಳಗೆ ಇನ್ನೊಂದು ಗಾಜಿನ ಪದರ, ಅಂದ್ರೆ ಮುಖ ಅನ್ನೋದು ಒಂದೇ ಕಡೆ, ಕೆಲಸ ಮಾಡೋವಾಗ ನಮಗೆ ಕಾಣೋದು ಮಾತ್ರ ಬೆನ್ನು. ಪ್ರಭಾವಳಿಗೆ ಇದು ಬೇಡವೇ ಬೇಡ.

ರವೆನ್ನಾದಲ್ಲಿ ಹೇಳ್ಕೊಡೋ ತಾತ್ಕಾಲಿಕ ಸುಣ್ಣದ ಪದ್ಧತಿ ನಂಗೆ ತುಂಬಾ ಇಷ್ಟ. ಅರಳಿದ ಸುಣ್ಣದ ಹಾಸಿನ ಮೇಲೆ ಡ್ರಾಯಿಂಗ್ ಇಳಿಸಿ ತುಂಡುಗಳನ್ನ ನೇರವಾಗಿ ನೆಡೋದು, ಪ್ಲಾಸ್ಟಿಕ್ ಮುಚ್ಚಿಟ್ರೆ ಎಷ್ಟೋ ದಿನ ಒಣಗಲ್ಲ, ಬೇಕಾದಾಗ ಕಿತ್ತು ಬದಲಾಯಿಸ್ಬಹುದು. ಥಿಯೊಡೋರಾ ಕೆನ್ನೇಲಿ ಗುಲಾಬಿಯಿಂದ ತಿಳಿ ಹಸಿರಿಗೆ ಹೋಗೋ ಜಾಗ ಇದೆ ನೋಡಿ, ಅಲ್ಲಿ ಒಂದು ಚೂರು ಬದಲಾದ್ರೂ ಮುಖದ ಭಾವವೇ ಬದಲಾಗುತ್ತೆ, ಅಂಥ ಕಡೆ ಈ ಪುರುಸೊತ್ತು ಬೇಕೇ ಬೇಕು. ಮುಗಿದ್ಮೇಲೆ ಮುಖದ ಮೇಲೆ ಬಟ್ಟೆ ಹಾಕಿ ಪ್ರಾಣಿಜನ್ಯ ಅಂಟು ಬಳಿದು, ಒಣಗಿದ್ಮೇಲೆ ಮಗುಚಿ, ಹಿಂದಿನ ಸುಣ್ಣ ಕೆರೆದು ತೆಗೆದು ಪರ್ಮನೆಂಟ್ ಗಾರೆ ಹಾಕಿ, ಕೊನೆಗೆ ಬಿಸಿನೀರಲ್ಲಿ ಬಟ್ಟೆ ಬಿಡಿಸೋದು. ಓರೆ ಇಟ್ಟ ತುಂಡು ಬಹುಪಾಲು ಓರೆಯಾಗೇ ಉಳಿಯುತ್ತೆ, ಸಂದುಗಳಲ್ಲಿ ಮಾತ್ರ ಗಾರೆ ಹಿಂದಿಂದ ಎಲ್ಲಿವರೆಗೆ ನುಗ್ಗುತ್ತೆ ಅಂತ ಕೈಗೆ ಗೊತ್ತಾಗಲ್ಲ.

ಹಸಿ ಗಾರೇಲಿ ಅದು ಗೊತ್ತಾಗುತ್ತೆ. ಸುಣ್ಣಕ್ಕೆ ಮಾರ್ಬಲ್ ಪುಡಿ ಕಲಸಿ, ಗಾರೆ ಗಟ್ಟಿಯಾಗೋದ್ರೊಳಗೆ ತುಂಬಿಸೋಕೆ ಆಗುವಷ್ಟೇ ಜಾಗಕ್ಕೆ ಬಳಿದು, ಹಳೇ ಕಾಲದೋರ ಹಾಗೆ ಹಸಿಯಲ್ಲೇ ಬಣ್ಣದಲ್ಲಿ ಚಿತ್ರ ಬರ್ಕೊಂಡು ಒಂದೊಂದೇ ತುಂಡು ಒತ್ತೋದು. ಒತ್ತಿದಾಗ ಗಾರೆ ಎಷ್ಟು ಮೇಲೆ ಬಂತು ಅಂತ ಕಣ್ಣಿಗೇ ಕಾಣುತ್ತೆ, ಪ್ರತಿ ತುಂಡಿಗೂ ಬೇರೆ ಬೇರೆ ಓರೆ ಕೊಡ್ಬಹುದು. ಮೂರನ್ನೂ ಗೋಡೆಗೆ ಒರಗಿಸಿ ಕತ್ತಲೆ ರೂಮಲ್ಲಿ ಮೋಂಬತ್ತಿ ಆ ಕಡೆ ಈ ಕಡೆ ಆಡಿಸಿ ನೋಡಿದೆ. ಪೇಪರಿಂದ ಮಾಡಿದ ಪ್ರಭಾವಳಿ ಒಂದು ಕೋನದಲ್ಲಿ ಪೂರ್ತಿ ಹೊಳೆದು ಸ್ವಲ್ಪ ಸರಿದ್ರೆ ಪೂರ್ತಿ ಕಂದು ಆಗ್ಬಿಡುತ್ತೆ. ಹಸಿ ಗಾರೇದ್ರಲ್ಲಿ ಬೆಳಕು ತುಂಡಿಂದ ತುಂಡಿಗೆ ಓಡಾಡುತ್ತೆ, ಎಲ್ಲಿ ನಿಂತ್ರೂ ಯಾವುದೋ ಕೆಲವು ಹೊಳೀತಾನೇ ಇರ್ತವೆ. ಎಣ್ಣೆದೀಪದ ಬೆಳಕಲ್ಲಿ ನೋಡ್ತಿದ್ದ ಜನಕ್ಕೆ ಮಾಡಿದ ಕಲೆ ಇದು, ಆ ಓಡಾಟ ಇಲ್ಲದಿದ್ರೆ ನಕಲು ಮಾಡಿದ್ದೇ ವ್ಯರ್ಥ ಅನ್ನೋದು ನನ್ನ ನಂಬಿಕೆ.

ಕತ್ತರಿಸೋದ್ರಲ್ಲೂ ಎರಡು ದಾರಿ ಇದೆ. ಚಕ್ರದ ಕಟ್ಟರ್, ಅಂದ್ರೆ ಎರಡು ಪುಟ್ಟ ಚಕ್ರದ ನಡುವೆ ಗಾಜು ಒತ್ತಿ ಮುರಿಯೋ ಇಕ್ಕಳ, ಬೇಗ ಕೈಗೆ ಹತ್ತುತ್ತೆ, ಸಣ್ಣ ಸಣ್ಣ ಕಣ್ಣಿನ ತುಂಡಿಗೆ ಚೆನ್ನಾಗಿದೆ. ಉಳಿದಿದ್ದಕ್ಕೆಲ್ಲಾ ಮಾರ್ತೆಲಿನಾ ಸುತ್ತಿಗೆ ಮತ್ತೆ ಮರದ ದಿಮ್ಮಿಗೆ ನೆಟ್ಟ ತಾಲ್ಯೋಲೋ ಉಳಿ, ಯಾಕಂದ್ರೆ ಆ ಏಟಿಗೆ ಸೀಳಿದ ಗಾಜಿನ ಮುಖಕ್ಕೆ ಒಂದು ಉಬ್ಬುತಗ್ಗು ಇರುತ್ತೆ, ಅದೂ ಬೆಳಕು ಹಿಡಿಯುತ್ತೆ. ಒಡವೆಗಳಲ್ಲಿರೋ ಮುತ್ತಿನ ಚಿಪ್ಪಿಗೆ ಮಾತ್ರ ಸುತ್ತಿಗೆ ತಾಕಿಸ್ಬೇಡಿ, ಅಕ್ಕಸಾಲಿಗರ ಸಣ್ಣ ಗರಗಸ ತಗೊಳ್ಳಿ.

ಹೊಸಬರು ಮುಖಾನ ತಾತ್ಕಾಲಿಕ ಸುಣ್ಣದಲ್ಲಿ ಮಾಡಿ, ಅದನ್ನ ಕೂರಿಸಿದ್ಮೇಲೆ ಪ್ರಭಾವಳೀನ ಅದರ ಸುತ್ತ ಹಸಿ ಗಾರೇಲಿ ತುಂಬಿಸ್ಬಹುದು, ಎರಡೂ ಹೊಂದ್ಕೊಳ್ತವೆ. ನಾನೀಗ ಅದೇ ಊರಿನ ಗಾಲಾ ಪ್ಲಾಚಿದಿಯಾ ಸಮಾಧಿ ಮಂದಿರದ ನೀಲಿ ನಕ್ಷತ್ರದ ಛಾವಣಿಯ ಒಂದು ಮೂಲೆ ಶುರು ಮಾಡಿದೀನಿ, ಅದು ಕಮಾನು, ಹಾಳೆ ಮಡಿಕೆ ಬೀಳದೆ ಕೂರಲ್ಲ, ಹಾಗಾಗಿ ಇಲ್ಲಿ ಪೇಪರ್ ಲೆಕ್ಕಕ್ಕೇ ಇಲ್ಲ.