ಕುವೆಂಪುನಗರದ ಹತ್ತೂವರೆ ಬ್ಯಾಚು: ನಲವತ್ತೈದು ದಾಟಿದ ಹೆಂಗಸರಿಗೆ ಒಗ್ಗುವ ಯೋಗ

ಮೈಸೂರಿನಲ್ಲಿ ಯೋಗ ಕ್ಲಾಸಿಗೇನೂ ಬರವಿಲ್ಲ. ಆದರೆ ಮುಟ್ಟು ನಿಲ್ಲುವ ವಯಸ್ಸಿನ ಮೈಯನ್ನು ಅರಿತು ಹೇಳಿಕೊಡುವವರು ಕಡಿಮೆ. ನಮ್ಮ ಮೇಡಂ ತಮ್ಮ ಮನೆಯ ಮಹಡಿಯಲ್ಲಿ ಹೆಂಗಸರಿಗೆಂದೇ ನಡೆಸುವ ಈ ಬ್ಯಾಚು ನನಗೆ ತುಂಬಾ ಹಿಡಿಸಿದೆ.

ಸೇರುವಾಗಲೇ ಬಿಪಿ, ಥೈರಾಯ್ಡ್, ಆಪರೇಷನ್ ಎಲ್ಲ ವಿಚಾರಿಸಿ ಬರೆದುಕೊಳ್ಳುತ್ತಾರೆ. ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಶೀರ್ಷಾಸನ ಇಲ್ಲವೇ ಇಲ್ಲ. ಮೂಳೆ ಸವೆತ ಇದ್ದವರಿಗೆ ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ ಬಿಡಿಸುತ್ತಾರೆ. ಮುಟ್ಟು ನಿಲ್ಲುವಾಗ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಇಳಿದ ಮೇಲೆ ಮೂಳೆ ಬೇಗ ಸವೆಯುತ್ತದೆ. ಬೆನ್ನು ಗೂನಾಗಿಸಿ ಬಾಗಿದರೆ ಬೆನ್ನುಮೂಳೆಗೆ ಪೆಟ್ಟಾಗಬಹುದು. ಅದರ ಬದಲು ಕುರ್ಚಿ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನ, ಗೋಡೆಯ ಆಸರೆಯಲ್ಲಿ ವೀರಭದ್ರಾಸನ. ಬೀಳದೆ ನಿಲ್ಲುವ ಹಿಡಿತ ಈ ವಯಸ್ಸಿಗೆ ಬೇಕೇ ಬೇಕು, ಅಲ್ವಾ? ಕುರ್ಚಿ, ಬೆಲ್ಟು, ಮರದ ಇಟ್ಟಿಗೆ ಬಳಸುವ ಈ ಕ್ರಮವನ್ನು ಬೆಳೆಸಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಅವರು 1930ರ ದಶಕದಲ್ಲಿ ಯೋಗಗುರು ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತದ್ದು ನಮ್ಮ ಮೈಸೂರಲ್ಲೇ.

ನನಗೆ ಅತಿ ಹೆಚ್ಚು ಉಪಕಾರವಾದ ವಿಷಯವನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಹನಿಯುತ್ತಿತ್ತು. ಮದುವೆ ಮನೆಗೆ ಹೋಗಲೂ ಹಿಂಜರಿಕೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ಡಾಕ್ಟರ ಹತ್ತಿರವೂ ಬಾಯಿ ಬಿಡುವುದಿಲ್ಲ. ಇಲ್ಲಿ ಮೇಡಂ ತಾವಾಗಿಯೇ ಕೇಳಿದರು. ಸೇತುಬಂಧಾಸನದಲ್ಲಿ, ಅಂದರೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತಿ, ಮೂತ್ರ ತಡೆಯುವ ಸ್ನಾಯುವನ್ನು ಬಿಗಿ ಹಿಡಿದು, ನಿಧಾನವಾಗಿ ಸಡಿಲಿಸುವುದನ್ನು ಕಲಿಸಿದರು. ಉಸಿರು ಮಾತ್ರ ಕಟ್ಟಬಾರದು. ಕೆಲವು ತಿಂಗಳಲ್ಲಿ ತೊಂದರೆ ಬಹಳ ಇಳಿಯಿತು. ಪಕ್ಕದ ಮ್ಯಾಟಿನವರೂ ಆಮೇಲೆ ತಮ್ಮ ಕಷ್ಟ ಹೇಳಿಕೊಂಡರು.

ನಿದ್ದೆ ಸುಧಾರಿಸಿದೆ. ಮಲಗುವ ಮುಂಚೆ ಗೋಡೆಗೆ ಕಾಲು ಚಾಚಿ ವಿಪರೀತಕರಣಿ ಮಾಡುತ್ತೇನೆ. ಮೈ ಬಿಸಿಯೇರಿ ಬೆವರುವುದು ನಿಂತಿಲ್ಲ, ಆದರೆ ಮೊದಲಿನ ಗಾಬರಿ ಇಲ್ಲ. ತೂಕ ಅಷ್ಟೇ ಇದೆ.

ಮೇಡಂ ಯಾವತ್ತೂ ಮಾತ್ರೆ ಬಿಡಿ ಅನ್ನುವುದಿಲ್ಲ. ಹಿಂದೆ ಹೋಗುತ್ತಿದ್ದ ಒಂದು ಕಡೆ ಥೈರಾಯ್ಡ್ ಮಾತ್ರೆ ನಿಲ್ಲಿಸಲು ಹೇಳಿದ್ದರು. ಅಂಥ ಮಾತು ಕೇಳಿದರೆ ಈಗಲೂ ಸಿಟ್ಟು ಬರುತ್ತದೆ.

ಕೊರತೆ ಅಂದರೆ ಮೆಟ್ಟಿಲು. ಕಡಿದಾಗಿದೆ, ಹಿಡಿದುಕೊಳ್ಳಲು ಕಂಬಿಯಿಲ್ಲ. ಮಂಡಿ ನೋವಿನವರೇ ಜಾಸ್ತಿ ಬರುವ ಜಾಗಕ್ಕೆ ಕಂಬಿ ಹಾಕಿಸಲೇಬೇಕು, ಮೇಡಂಗೂ ಹೇಳಿದ್ದೇನೆ. ಫೀಸು ತಿಂಗಳಿಗೆ 1,200 ರೂಪಾಯಿ. ಎಂಟು ಗಂಟೆಯೊಳಗೆ ತಿಂಡಿ ಮುಗಿಸಿ ಬನ್ನಿ. ಮ್ಯಾಟ್ ನೀವೇ ತರಬೇಕು.