ಹಳೆಯ ಲ್ಯಾಂಬ್ಸ್‌ಫುಟ್ ಚಾಕು ಕೊಳ್ಳುವವರ ಗಮನಕ್ಕೆ: ಸೆಲ್ಯುಲಾಯ್ಡ್ ಹಿಡಿಯನ್ನು ನಂಬಬೇಡಿ

ಹಳೆಯ ಶೆಫೀಲ್ಡ್ ಚಾಕುಗಳನ್ನು ಕೂಡಿಡುವ ಹವ್ಯಾಸವುಳ್ಳವರು, ಅದರಲ್ಲೂ ಲ್ಯಾಂಬ್ಸ್‌ಫುಟ್ ಅಲಗಿನ ಮಡಚುವ ಚಾಕುಗಳ ಬೆನ್ನು ಹತ್ತಿದವರು, ಆಮೆಚಿಪ್ಪಿನ ಬಣ್ಣದ ಅಥವಾ ಜೇನುಬಣ್ಣದ ಹೊಳೆಯುವ ಹಿಡಿಯ ಚಾಕುವೊಂದು ಅಗ್ಗಕ್ಕೆ ಸಿಕ್ಕಿತೆಂದು ಹಣ ಕೊಡುವ ಮುನ್ನ ಈ ಬರಹವನ್ನು ಪೂರ್ತಿ ಓದಬೇಕೆಂದು ವಿನಂತಿಸುತ್ತೇನೆ. ಆ ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನದಾಗಿದ್ದು, ಅದು ಒಳಗಿಂದೊಳಗೆ ಕೆಡಲು ತೊಡಗಿದ್ದರೆ, ಹಾಳಾಗುವುದು ಕೊಂಡ ಚಾಕು ಒಂದೇ ಅಲ್ಲ. ಅದರ ಪಕ್ಕದಲ್ಲಿ ಮಲಗಿದ್ದ ಒಳ್ಳೆಯ ಚಾಕುಗಳೂ ತುಕ್ಕಿಗೆ ಬಲಿಯಾಗುತ್ತವೆ. ನನ್ನ ಸಂಗ್ರಹಕ್ಕೆ ಆದದ್ದು ಇದೇ. ಮಾರಿದವರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಇಂಥ ಚಾಕುಗಳು ಕೈಯಿಂದ ಕೈಗೆ ದಾಟುತ್ತಲೇ ಇರುತ್ತವೆ, ಮತ್ತು ನಾಳೆ ಇದೇ ಅನುಭವ ಬೇರೊಬ್ಬ ಮಾರಾಟಗಾರರಿಂದ ನಿಮಗೂ ಆಗಬಹುದು.

ಲ್ಯಾಂಬ್ಸ್‌ಫುಟ್ ಅಲಗನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಇದರ ಕತ್ತರಿಸುವ ಅಂಚು ಬುಡದಿಂದ ತುದಿಯವರೆಗೆ ಗೆರೆ ಎಳೆದಂತೆ ನೇರವಾಗಿರುತ್ತದೆ. ಬೆನ್ನು ತುದಿಯತ್ತ ಸಾಗಿದಂತೆ ಸ್ವಲ್ಪ ಸ್ವಲ್ಪವೇ ಇಳಿದು, ಕೊನೆಗೆ ಓರೆಯಾಗಿ ಬಾಗಿ ಅಂಚನ್ನು ಸೇರುತ್ತದೆ. ಚುಚ್ಚುವ ಮೊನೆ ಎದ್ದು ಕಾಣುವುದಿಲ್ಲ. ನೇರ ಅಂಚಾದ್ದರಿಂದ ಸಾಣೆಕಲ್ಲಿನ ಮೇಲೆ ಮಸೆಯುವುದು ಸುಲಭ, ಹಗ್ಗ ಕೊಯ್ಯಲು, ಗಿಡದ ಟೊಂಗೆ ಸವರಲು, ಹಲಗೆಯ ಮೇಲಿಟ್ಟು ಹಣ್ಣು ಹೆಚ್ಚಲು ಇದಕ್ಕಿಂತ ಅನುಕೂಲವಾದ ಅಲಗು ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಈ ಚಾಕುಗಳ ತವರು. ಅಲ್ಲಿನ ಚಾಕು ತಯಾರಕರ ಸಂಘ 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಸ್ಥಾಪನೆಯಾಯಿತು, ತಯಾರಕರಿಗೆ ಅವರವರ ಗುರುತನ್ನು ನೋಂದಾಯಿಸಿಕೊಡುತ್ತಿದ್ದುದೂ ಅದೇ. ಅಲ್ಲಿನ ಚಾಕು ತಯಾರಕರಾದ ಜೋಸೆಫ್ ರಾಜರ್ಸ್ ಅವರ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಗುರುತು 1764ರಷ್ಟು ಹಳೆಯದು. ಸಂಗ್ರಾಹಕರಿಗೆ ಅಲಗಿನ ಬುಡದಲ್ಲಿರುವ ಈ ಠಸ್ಸೆಯೇ ಚಾಕುವಿನ ಜಾತಕ: ಇಂಗ್ಲೆಂಡ್ ಎಂಬ ಪದ ಅದರಲ್ಲಿದ್ದರೆ, ಆಮದು ಸರಕಿನ ಮೇಲೆ ದೇಶದ ಹೆಸರು ಇರಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ ನಂತರದ ಚಾಕು ಅದೆಂದು ಸಾಮಾನ್ಯವಾಗಿ ಊಹಿಸುತ್ತಾರೆ.

ಹಿಡಿಯ ವಿಷಯಕ್ಕೆ ಬರೋಣ. ಹಳೆಯ ಲ್ಯಾಂಬ್ಸ್‌ಫುಟ್ ಚಾಕುಗಳಿಗೆ ಎಮ್ಮೆಯ ಕೊಂಬು, ಮೂಳೆ, ಬೀಟೆಯ ಜಾತಿಯ ಮರ, ಜಿಂಕೆಯ ಕೊಂಬು ಮುಂತಾದುವನ್ನು ಹಾಕುತ್ತಿದ್ದರು. ಶೆಫೀಲ್ಡಿಗೆ ಹೋಗುತ್ತಿದ್ದ ಜಿಂಕೆ ಕೊಂಬಿನಲ್ಲಿ ನಮ್ಮ ಕಡವೆಯ ಕೊಂಬಿಗೆ ಬಹಳ ಬೇಡಿಕೆಯಿತ್ತು. ಭಾರತ ಅದರ ರಫ್ತನ್ನು ನಿಷೇಧಿಸಿದ ಮೇಲೆ ಅಂಥ ಹಿಡಿಗಳು ದುಬಾರಿಯಾದವು. ಇವುಗಳ ಜೊತೆಗೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ, ಸೆಲ್ಯುಲಾಯ್ಡ್ ಎಂಬ ಆರಂಭಕಾಲದ ಪ್ಲಾಸ್ಟಿಕ್ಕನ್ನೂ ಧಾರಾಳವಾಗಿ ಬಳಸಿದರು. ದಂತ, ಆಮೆಚಿಪ್ಪು, ಮುತ್ತಿನ ಚಿಪ್ಪು, ಯಾವುದರ ಬಣ್ಣ ಬೇಕೋ ಆ ಬಣ್ಣದಲ್ಲಿ ಅದು ಸಿಗುತ್ತಿತ್ತು. ನೋಡಲು ಇವತ್ತಿಗೂ ಅದು ಬಹಳ ಸುಂದರ. ತೊಂದರೆ ಶುರುವಾಗುವುದೇ ಅಲ್ಲಿಂದ.

ನಾನು ಕೊಂಡದ್ದು ಆಮೆಚಿಪ್ಪಿನ ಬಣ್ಣದ ಹಿಡಿಯ ಲ್ಯಾಂಬ್ಸ್‌ಫುಟ್. ಅಂತರ್ಜಾಲದಲ್ಲಿ ಹಳೆಯ ವಸ್ತುಗಳನ್ನು ಮಾರುವ ಒಬ್ಬರು ಅದನ್ನು ಬಳಸದೆ ಉಳಿದ ಹಳೆಯ ದಾಸ್ತಾನು ಎಂದು ವರ್ಣಿಸಿದ್ದರು. ಹಾಕಿದ್ದ ಚಿತ್ರಗಳಲ್ಲಿ ಚಾಕು ಮಡಚಿದ ಸ್ಥಿತಿಯಲ್ಲೇ ಇತ್ತು. ಬಿಚ್ಚಿದ ಚಿತ್ರ ಒಂದಿದ್ದರೂ ಅದರಲ್ಲಿ ಹಿಡಿಯ ಒಳಭಾಗ ಕಾಣುತ್ತಿರಲಿಲ್ಲ. ಕೈಗೆ ಬಂದಾಗ ಅದಕ್ಕೆ ಧಾರಾಳವಾಗಿ ಎಣ್ಣೆ ಸವರಿದ್ದರು. ಹಳೆಯ ಚಾಕುಗಳಿಗೆ ಎಣ್ಣೆ ಹಚ್ಚಿ ಕಳಿಸುವುದು ಒಳ್ಳೆಯ ರೂಢಿಯೇ ಆದ್ದರಿಂದ ಅದರಲ್ಲಿ ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಅಲಗು ತೆರೆದಾಗ ಸ್ಪ್ರಿಂಗು ಗಟ್ಟಿಯಾಗಿ ಎಳೆದು, ಮುಚ್ಚುವಾಗ ಠಪ್ಪೆಂದು ಸದ್ದು ಮಾಡಿತು. ಹಿಡಿಯಿಂದ ಮಂದವಾಗಿ ಕರ್ಪೂರದ ವಾಸನೆ ಬರುತ್ತಿತ್ತು. ಒರೆಸಿ, ಒಣಗಿಸಿ, ಮಿಕ್ಕ ಚಾಕುಗಳಿದ್ದ ಬಿಗಿಮುಚ್ಚಳದ ಮರದ ಪೆಟ್ಟಿಗೆಯಲ್ಲಿ ಅದನ್ನೂ ಇಟ್ಟೆ.

ಒಂದು ಚಳಿಗಾಲ ಕಳೆದು ಪೆಟ್ಟಿಗೆ ತೆರೆದಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ: ಕರ್ಪೂರದ ಜೊತೆಗೆ ಗಂಟಲು ಕೆರೆಯುವಂಥ ಆಮ್ಲದ ಘಾಟು. ಆ ಚಾಕುವಿನ ಹಿಡಿಯಲ್ಲಿ ಪಿನ್ನುಗಳ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಚೌಕಚೌಕವಾಗಿ ಒಡೆದಿದ್ದವು. ಹಿಡಿ ಕುಗ್ಗಿ ಒಳಗಿನ ಹಿತ್ತಾಳೆ ತಗಡಿನ ಅಂಚು ಎರಡೂ ಕಡೆ ಹೊರಗೆ ಇಣುಕುತ್ತಿತ್ತು, ಆ ಅಂಚಿನ ಉದ್ದಕ್ಕೂ ಹಸಿರು ಕಿಲುಬು ಹಿಟ್ಟಿನಂತೆ ಉದುರುತ್ತಿತ್ತು. ಅಲಗನ್ನು ಬಿಚ್ಚಿದರೆ, ಮುಚ್ಚಿದಾಗ ಹಿಡಿಯೊಳಗೆ ಅಡಗುವ ಭಾಗ ಪೂರ್ತಿ ಕೆಂಪು ತುಕ್ಕು. ಹೊರಗುಳಿಯುವ ಬೆನ್ನಿನ ಅಂಚು ಮಾತ್ರ ಸ್ವಚ್ಛವಾಗಿತ್ತು. ತೇವದಿಂದ ಬಂದ ತುಕ್ಕಾಗಿದ್ದರೆ ಹೊರಗೆ ಕಾಣುವ ಉಕ್ಕೇ ಮೊದಲು ಕೆಡಬೇಕಿತ್ತು. ಅದರ ಪಕ್ಕದಲ್ಲಿದ್ದದ್ದು ಎಮ್ಮೆ ಕೊಂಬಿನ ಹಿಡಿಯ ಒಂದು ರಾಜರ್ಸ್ ಲ್ಯಾಂಬ್ಸ್‌ಫುಟ್, ಕಿರೀಟದ ಎಡಬಲಕ್ಕೆ ಜಿ ಮತ್ತು ಆರ್ ಅಕ್ಷರಗಳಿದ್ದ ಠಸ್ಸೆಯದು, ಅಂದರೆ ಜಾರ್ಜ್ ದೊರೆಗಳ ಕಾಲದ್ದು. ಸೆಲ್ಯುಲಾಯ್ಡ್ ಹಿಡಿಯ ಕಡೆಗೆ ಮುಖ ಮಾಡಿದ್ದ ಅದರ ಬದಿ ಸಾಸಿವೆ ಚೆಲ್ಲಿದಂತೆ ತುಕ್ಕಿನ ಚುಕ್ಕೆಗಳಿಂದ ತುಂಬಿತ್ತು; ಠಸ್ಸೆಯಲ್ಲಿ ಕಿರೀಟ ಉಳಿದಿತ್ತು, ಅಕ್ಷರಗಳು ತಿಂದುಹೋಗಿದ್ದವು. ಮತ್ತೊಂದು ಬದಿಗೆ ಏನೂ ಆಗಿರಲಿಲ್ಲ. ಪೆಟ್ಟಿಗೆಯ ದೂರದ ಮೂಲೆಯಲ್ಲಿದ್ದವುಗಳಿಗೆ ತಗುಲಿದ್ದು ಕಡಿಮೆ, ಹತ್ತಿರದವುಗಳಿಗೆ ಹೆಚ್ಚು.

ಇದು ಯಾಕೆ ಹೀಗಾಗುತ್ತದೆ ಎಂಬುದು ವಸ್ತುಸಂಗ್ರಹಾಲಯಗಳಲ್ಲಿ ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ, ಚಾಕು ಮಾರುವವರಿಗೂ ಗೊತ್ತಿರಲೇಬೇಕಾದದ್ದು. ಸೆಲ್ಯುಲಾಯ್ಡ್ ಎಂದರೆ ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಹತ್ತಿಯಂಥ ನಾರಿನ ಪದಾರ್ಥಕ್ಕೆ ಕರ್ಪೂರ ಬೆರೆಸಿ ಮಾಡಿದ ವಸ್ತು. ಬರ್ಮಿಂಗ್‌ಹ್ಯಾಮಿನ ಅಲೆಕ್ಸಾಂಡರ್ ಪಾರ್ಕ್ಸ್ ಇದರ ಮೊದಲ ರೂಪವನ್ನು 1862ರ ಲಂಡನ್ ಪ್ರದರ್ಶನದಲ್ಲಿ ಇಟ್ಟರು. ಅಮೆರಿಕದ ಜಾನ್ ವೆಸ್ಲಿ ಹಯಾಟ್ ಅದನ್ನು ವ್ಯಾಪಾರಕ್ಕೆ ಒಗ್ಗುವಂತೆ ಮಾಡಿದರು. ಕರ್ಪೂರ ಇರುವುದರಿಂದಲೇ ಅದು ಬಿರುಕು ಬಿಡದೆ ಬಾಗುತ್ತದೆ. ಆದರೆ ದೇವರ ಮನೆಯ ಡಬ್ಬಿಯಲ್ಲಿ ಮೆಣಸಿನ ಕಾಳು ಹಾಕಿಟ್ಟರೂ ಕರ್ಪೂರ ಸವೆಯುವಂತೆ, ಹಿಡಿಯೊಳಗಿನ ಕರ್ಪೂರವೂ ದಶಕಗಳಲ್ಲಿ ಆರಿಹೋಗುತ್ತದೆ, ಹಿಡಿ ಕುಗ್ಗಿ ಸೀಳುತ್ತದೆ. ಅದೇ ವೇಳೆಗೆ ನೈಟ್ರೇಟಿನ ಅಂಶ ಕಳಚಿಕೊಂಡು ನೈಟ್ರೋಜನ್ ಆಕ್ಸೈಡ್ ಅನಿಲಗಳಾಗಿ ಹೊರಬರುತ್ತದೆ. ಗಾಳಿಯ ತೇವದೊಡನೆ ಅವು ಸೇರಿದರೆ ಆಗುವುದು ನೈಟ್ರಿಕ್ ಆಮ್ಲ. ಹಿತ್ತಾಳೆಗೆ ಅದು ಹಸಿರು ಕಿಲುಬು ಹಿಡಿಸುತ್ತದೆ, ಇಂಗಾಲದ ಉಕ್ಕಿಗೆ ತುಕ್ಕು. ಎಲ್ಲಕ್ಕಿಂತ ಕೆಟ್ಟ ಸಂಗತಿಯೆಂದರೆ, ಹೊರಬಂದ ಆಮ್ಲವೇ ಉಳಿದ ಸೆಲ್ಯುಲಾಯ್ಡನ್ನು ಇನ್ನಷ್ಟು ಬೇಗ ಒಡೆಯುತ್ತದೆ. ಆದ್ದರಿಂದ ಗಾಳಿಯಾಡದ ಪೆಟ್ಟಿಗೆ, ಪ್ಲಾಸ್ಟಿಕ್ ಚೀಲ, ಬಿಗಿಯಾದ ಚರ್ಮದ ಒರೆ, ಇವೆಲ್ಲ ಚಾಕುವನ್ನು ಕಾಪಾಡುವ ಬದಲು ವಿಷವನ್ನು ಒಳಗೇ ಕೂಡಿಡುತ್ತವೆ. ಒಮ್ಮೆ ಶುರುವಾದ ಈ ಕೊಳೆತವನ್ನು ನಿಧಾನಗೊಳಿಸಬಹುದೇ ಹೊರತು ನಿಲ್ಲಿಸಲಾಗದು.

ಮಾರಿದವರಿಗೆ ಚಿತ್ರಗಳನ್ನು ಕಳಿಸಿ ಕೇಳಿದೆ. ಹಳೆಯ ವಸ್ತು ಹಳೆಯದಾಗಿಯೇ ಇರುತ್ತದೆ, ವಾಪಸು ಪಡೆಯುವ ಅವಧಿ ಮುಗಿದಿದೆ ಎಂಬ ಉತ್ತರ ಬಂತು. ತಗಡಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ ಹಳೆಯ ಕಿಲುಬನ್ನು ಕೆರೆದು ತೆಗೆದ ಗೀರುಗಳು ಎಣ್ಣೆಯ ಜಿಡ್ಡಿನ ಕೆಳಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಕಿಲುಬು ಕೆರೆದ ಕೈಗೆ ಅದು ಎಲ್ಲಿಂದ ಬಂತೆಂದು ತಿಳಿದಿರಲಿಲ್ಲ ಎಂದು ನಾನು ನಂಬಲಾರೆ. ಸೆಲ್ಯುಲಾಯ್ಡ್ ಚಾಕು ಮಾರುವುದು ತಪ್ಪಲ್ಲ, ಅದನ್ನು ತಿಳಿದೇ ಕೊಳ್ಳುವವರೂ ಇದ್ದಾರೆ. ಕೆಡುತ್ತಿರುವ ಲಕ್ಷಣಗಳನ್ನು ಮರೆಮಾಚಿ ಮಾರುವುದು ಮಾತ್ರ ಮೋಸ.

ಹಾಗಾದರೆ ಗುರುತಿಸುವುದು ಹೇಗೆ? ಕೊಳ್ಳುವ ಮುನ್ನ ಅಲಗನ್ನು ಪೂರ್ತಿ ಬಿಚ್ಚಿ, ಅದು ಅಡಗುವ ಹಿಡಿಯ ಸಂದನ್ನು ಬೆಳಕಿಗೆ ಹಿಡಿದು ತೆಗೆದ ಚಿತ್ರವನ್ನು ಕೇಳಿ. ತಗಡಿನಲ್ಲಿ, ಪಿನ್ನುಗಳ ಬುಡದಲ್ಲಿ ಹಸಿರು ಕಂಡರೆ, ಅಥವಾ ಅಲಗಿನ ಹೊರಭಾಗ ಚೆನ್ನಾಗಿದ್ದು ಒಳಗಡಗುವ ಭಾಗ ಮಾತ್ರ ತುಕ್ಕು ಹಿಡಿದಿದ್ದರೆ, ಅದು ಸೆಲ್ಯುಲಾಯ್ಡಿನ ಕೆಲಸವಾಗಿರುವ ಸಾಧ್ಯತೆ ಬಲವಾಗಿದೆ. ಕೈಗೆ ಸಿಕ್ಕರೆ ಹಿಡಿಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅನುಮಾನವೇ ಬೇಡ. ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. 1950ರ ದಶಕದ ಆರಂಭದವರೆಗೂ ಸಿನಿಮಾ ರೀಲುಗಳನ್ನು ಮಾಡುತ್ತಿದ್ದುದು ಇದೇ ಜಾತಿಯ ಪದಾರ್ಥದಿಂದ, ಮತ್ತು ಬೆಂಕಿ ತಗುಲಿದರೆ ಅದು ಭುಗಿಲೆಂದು ಹೊತ್ತಿಕೊಳ್ಳುತ್ತದೆ. ಬಣ್ಣವೂ ಸ್ವಲ್ಪ ಸುಳಿವು ಕೊಡುತ್ತದೆ. ಬೆಳಕು ಹಾಯುವಂಥ ಆಮೆಚಿಪ್ಪಿನ ಮತ್ತು ಜೇನಿನ ಬಣ್ಣದ ಹಿಡಿಗಳು ಬೇಗ ಕೆಡುತ್ತವೆ; ದಂತದಂತೆ ಬೆಳ್ಳಗೆ ಕಾಣಲು ಸತುವಿನ ಆಕ್ಸೈಡ್ ಬೆರೆಸಿದವು ಹೆಚ್ಚು ಕಾಲ ಬಾಳುತ್ತವೆ, ಏಕೆಂದರೆ ಆ ಬಿಳಿಯ ಪುಡಿ ಹುಟ್ಟಿದ ಆಮ್ಲವನ್ನು ಅಲ್ಲಲ್ಲೇ ಹೀರಿಕೊಳ್ಳುತ್ತದೆ. ಮಾರುವವರು ಅದು ನಿಜವಾದ ಆಮೆಚಿಪ್ಪೆಂದೇ ಹೇಳಿದರೆ ಇನ್ನೂ ಹೆಚ್ಚು ಎಚ್ಚರ ಬೇಕು: ಕಡಲಾಮೆಯ ಚಿಪ್ಪಿನ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವಿದೆ, ಗಡಿ ದಾಟಿಸುವಾಗ ಕಾಗದಪತ್ರ ಕೇಳುತ್ತಾರೆ.

ಈಗಾಗಲೇ ಇಂಥ ಚಾಕು ನಿಮ್ಮ ಬಳಿ ಇದ್ದರೆ ಇವತ್ತೇ ಅದನ್ನು ಮಿಕ್ಕವುಗಳಿಂದ ಬೇರೆ ಮಾಡಿ. ತಂಪಾದ, ಒಣಗಿದ, ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ, ತೆರೆದ ರಟ್ಟಿನ ತಟ್ಟೆಯಲ್ಲಿ ಇಟ್ಟರೆ ಸಾಕು. ತಿಂಗಳಿಗೊಮ್ಮೆಯಾದರೂ ಅಲಗು ತೆರೆದು ನೋಡುತ್ತಿರಿ. ಪಕ್ಕದ ಚಾಕುಗಳಿಗೆ ತಗುಲಿದ ಹೊಸ ತುಕ್ಕನ್ನು ತೆಳು ಎಣ್ಣೆ ಹಾಕಿ ಅತಿ ನಯವಾದ ಉಕ್ಕಿನ ಉಣ್ಣೆಯಿಂದ ಮೆಲ್ಲಗೆ ಉಜ್ಜಿದರೆ ಬಹುಪಾಲು ಹೋಗುತ್ತದೆ, ಆದರೆ ಗುಳಿ ಬಿದ್ದಿದ್ದರೆ ಅಲ್ಲಿಗೇ ಬಿಡಿ. ಗುಳಿ ಹೋಗುವಷ್ಟು ಸಾಣೆ ಹಿಡಿಸಿದರೆ ಠಸ್ಸೆಯೂ ಅದರೊಂದಿಗೆ ಹೋಗುತ್ತದೆ. ಬಳಕೆಯಿಂದ ಅಲಗಿಗೆ ಬಂದ ಬೂದಿ, ನೀಲಿ ಛಾಯೆಯನ್ನು ಮಾತ್ರ ಮುಟ್ಟಬೇಡಿ, ಅದು ತುಕ್ಕಲ್ಲ, ಉಕ್ಕಿಗೆ ರಕ್ಷಣೆ.

ಜೇಬಿನಲ್ಲಿ ಇಟ್ಟು ಓಡಾಡುವವರಿಗೂ ಒಂದು ಮಾತು. ಬ್ರಿಟನ್ನಿನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ, ಕತ್ತರಿಸುವ ಅಂಚು 3 ಅಂಗುಲ ಮೀರದ, ಲಾಕ್ ಇಲ್ಲದ ಮಡಚುವ ಚಾಕುವನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯಲು ಕಾರಣ ಕೊಡಬೇಕಾಗಿಲ್ಲ. ಬೇರೆ ಅಲಗುಗಳಿಗೆ ಸಕಾರಣ ಇರಲೇಬೇಕು. ಹಳೆಯ ಲ್ಯಾಂಬ್ಸ್‌ಫುಟ್‌ಗಳಲ್ಲಿ 3 ಅಂಗುಲಕ್ಕೆ ತುಸು ಮೀರಿದವೂ ಉಂಟು, ಆದ್ದರಿಂದ ಅಳೆದು ನೋಡಿಯೇ ಜೇಬಿಗಿಳಿಸಿ. ದಿನಬಳಕೆಗೆ ಕೊಂಬಿನ ಅಥವಾ ಮರದ ಹಿಡಿಯದನ್ನೇ ಆರಿಸಿಕೊಳ್ಳಿ. ಮೈಶಾಖಕ್ಕೂ ಬೆವರಿಗೂ ಪಕ್ಕದಲ್ಲೇ ಇರುವ ಸೆಲ್ಯುಲಾಯ್ಡ್ ಇನ್ನಷ್ಟು ಬೇಗ ಸವೆಯುತ್ತದೆ.

ಊರಿನಲ್ಲಿರುವವರಿಗೂ ಇದು ಸಂಬಂಧಿಸಿದ ವಿಷಯವೇ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಹಳೆಯ ಕಾಫಿ ತೋಟದ ಮನೆಗಳಲ್ಲಿ, ಅಜ್ಜಂದಿರ ಟ್ರಂಕುಗಳಲ್ಲಿ ಶೆಫೀಲ್ಡ್ ಠಸ್ಸೆಯ ಮಡಚುವ ಚಾಕು ಉಳಿದಿರಬಹುದು. ಶಾಖ ಮತ್ತು ತೇವ ಎರಡೂ ಸೆಲ್ಯುಲಾಯ್ಡಿನ ಶತ್ರುಗಳಾದ್ದರಿಂದ ಮಲೆನಾಡಿನ ಮಳೆಗಾಲ ಅದಕ್ಕೆ ಇಂಗ್ಲೆಂಡಿನ ಚಳಿಗಿಂತ ಕಠಿಣ. ಟ್ರಂಕು ತೆರೆದಾಗ ಕರ್ಪೂರದ ಘಾಟು ಬಂದು, ಹಿಡಿ ಬಿರುಕು ಬಿಟ್ಟ ಚಾಕು ಸಿಕ್ಕರೆ, ಅದರ ಬಳಿಯಿರುವ ಹಿತ್ತಾಳೆ, ಬೆಳ್ಳಿ ಸಾಮಾನುಗಳನ್ನೂ ಹಳೆಯ ಭಾವಚಿತ್ರಗಳನ್ನೂ ಮೊದಲು ಈಚೆ ತೆಗೆಯಿರಿ. ಹಿಡಿ ಉದುರುವ ಸ್ಥಿತಿಗೆ ಬಂದಿದ್ದರೆ ಅದನ್ನು ಉಳಿಸಲು ಹೋಗದೆ, ಕಿಟಕಿ ತೆರೆದು, ಕೈಗವಸು ಹಾಕಿಕೊಂಡು ಚೂರುಗಳನ್ನು ಬಿಡಿಸಿ ತೆಗೆದರೆ ಅಲಗು, ಸ್ಪ್ರಿಂಗು, ತಗಡುಗಳನ್ನು ಉಳಿಸಿಕೊಂಡು ಮುಂದೆ ಮರದ ಅಥವಾ ಎಮ್ಮೆ ಕೊಂಬಿನ ಹೊಸ ಹಿಡಿ ಹಾಕಿಸಬಹುದು. ತೆಗೆದ ಚೂರುಗಳನ್ನು ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಟ್ಟು, ಅಪಾಯಕಾರಿ ಕಸವನ್ನು ಬೇರೆಯಾಗಿ ತೆಗೆದುಕೊಳ್ಳುವ ವ್ಯವಸ್ಥೆ ನಿಮ್ಮೂರಿನಲ್ಲಿದ್ದರೆ ಅದಕ್ಕೆ ಒಪ್ಪಿಸಿ. ಹಿತ್ತಲಿನಲ್ಲಿ ಎಲೆ ಗುಡಿಸಿ ಹಚ್ಚುವ ಬೆಂಕಿಗಾಗಲಿ, ನೀರೊಲೆಗಾಗಲಿ ಯಾವ ಕಾರಣಕ್ಕೂ ಎಸೆಯಬೇಡಿ.